ಕೇಸು ಬಿತ್ತು ಅಂದರೆ ಏನು ಬಿತ್ತು?

ಜಗಳೂರು ಕಡೆಯಿಂದ ನನ್ನ ಸಂಜೆ ಪಾಠಕ್ಕೆ ಬರುವ ಹುಡುಗನೊಬ್ಬ ಹೋದ ಮಳೆಗಾಲದಲ್ಲಿ ಇಂಗ್ಲಿಷಿನ ಒಂದು ಪ್ಯಾರಾ ಕನ್ನಡಕ್ಕೆ ಮಾಡಿಕೊಂಡು ಬಂದ. ಲಾಡ್ಜಿನ ಕೋಣೆಯೊಂದರ ವರ್ಣನೆ ಅದು. ‘ಪಿಲ್ಲೋಕೇಸ್ ಬೆಳ್ಳಗಿತ್ತು’ ಎಂಬ ಅರ್ಥದ ಸಾಲು ಬಂದಲ್ಲಿ ಅವನು ‘ತಲೆದಿಂಬಿನ ಮೊಕದ್ದಮೆ ಬೆಳ್ಳಗಿತ್ತು’ ಎಂದು ಬರೆದಿದ್ದ. ಮಹಡಿ ಮೇಲೆ ಕೂತಿದ್ದ ಹನ್ನೆರಡು ಮಂದಿಯೂ ನಕ್ಕರು, ನಾನೂ ನಕ್ಕೆ. ಆಮೇಲೆ ವಿಚಾರಿಸಿದರೆ ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಹೊಲದ ಬದುವಿನ ಕೇಸು ನಡೆಯುತ್ತಲೇ ಇದೆ. ಹುಟ್ಟಿದಾಗಿನಿಂದ ಕೇಳಿದ ಕೇಸು ಅದೊಂದೇ ಆದರೆ, ದಿಂಬಿಗೂ ಅದೇ ಹತ್ತಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಮಕ್ಕಳನ್ನು ದೊಡ್ಡ ದೊಡ್ಡ ಪದಗಳು ಕೆಡವುವುದು ಕಡಿಮೆ. ಕೆಡವುವುದು ಇಂಥ ಚಿಕ್ಕವೇ, ಗೊತ್ತಿದೆ ಅಂದುಕೊಂಡು ದಾಟಿಬಿಡುವಂಥವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಮಕ್ಕಳ ಹೋಂವರ್ಕ್ ನೋಡುವ ತಾಯಿ ತಂದೆಯರಿಗೆ, ಕೋರ್ಟು ಆಸ್ಪತ್ರೆಯ ಕಾಗದ ಕೈಯಲ್ಲಿ ಹಿಡಿದು ನಿಂತವರಿಗೆ ಉಪಯೋಗ ಆಗಲಿ ಎಂದು ನಾನು ತರಗತಿಯಲ್ಲಿ ಹೇಳುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನಿಘಂಟಿನಲ್ಲಿರುವ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ: ಬಿದ್ದದ್ದೋ, ಪೆಟ್ಟಿಗೆಯೋ?

ಇಂಗ್ಲಿಷಿನಲ್ಲಿ ಕೇಸ್ ಎನ್ನುವುದು ಅಸಲಿಗೆ ಎರಡು ಬೇರೆ ಬೇರೆ ಪದ. ಉಚ್ಚಾರ ಒಂದೇ, ಬರೆಯುವುದೂ ಒಂದೇ, ಹುಟ್ಟಿದ ಮನೆ ಮಾತ್ರ ಬೇರೆ. ಒಂದು ಲ್ಯಾಟಿನ್ನಿನ ‘ಕಾಸುಸ್’ನಿಂದ ಬಂದದ್ದು. ‘ಬೀಳು’ ಎಂಬ ಅರ್ಥದ ಧಾತು ಅದರ ಹಿಂದಿದೆ. ಬಿದ್ದದ್ದು, ಒದಗಿದ್ದು, ಆದದ್ದು ಎಂದು ಅರ್ಥ. ಇನ್ನೊಂದು ‘ಕಾಪ್ಸಾ’, ಅಂದರೆ ಪೆಟ್ಟಿಗೆ. ಎರಡೂ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಸವೆದು ಒಂದೇ ರೂಪ ತಾಳಿದವು.

ಬಿದ್ದ ಕೇಸಿನ ನೆಂಟರು ಆಕ್ಸಿಡೆಂಟ್, ಕ್ಯಾಶುವಲ್ ಲೀವಿನ ಕ್ಯಾಶುವಲ್, ಆಸ್ಪತ್ರೆ ಬಾಗಿಲ ಮೇಲೆ ಕೆಂಪಕ್ಷರದಲ್ಲಿರುವ ಕ್ಯಾಶುವಾಲ್ಟಿ. ಪೆಟ್ಟಿಗೆ ಕೇಸಿನ ನೆಂಟರು ಕ್ಯಾಪ್ಸೂಲ್, ಕ್ಯಾಸೆಟ್, ಕ್ಯಾಶ್. ಕ್ಯಾಶ್ ಎಂದರೆ ಮೊದಲು ದುಡ್ಡಲ್ಲ, ದುಡ್ಡಿನ ಪೆಟ್ಟಿಗೆ. ನಮ್ಮ ‘ಕಾಸು’ ಅದರ ಅಪಭ್ರಂಶ ಅಂತ ಒಬ್ಬರಲ್ಲ ಒಬ್ಬರು ಪ್ರತಿ ವರ್ಷ ಹೇಳುತ್ತಾರೆ. ಅಲ್ಲ. ಹಿಂದಿನ ಕಾಲದ ಇಲ್ಲಿನ ಸಣ್ಣ ನಾಣ್ಯಕ್ಕೆ ಇಂಗ್ಲಿಷರು ‘ಕ್ಯಾಶ್’ ಎನ್ನುತ್ತಿದ್ದರಲ್ಲ, ಆ ಬೇರೊಂದು ಪದ ತಮಿಳಿನ ಕಾಸಿನಿಂದ ಪೋರ್ಚುಗೀಸರ ಬಾಯಿ ಹಾದು ಅವರಿಗೆ ಸಿಕ್ಕಿದ್ದು.

ಇನ್ನೊಂದು ತಮಾಷೆ ನೋಡಿ. ಲ್ಯಾಟಿನ್ನಿನ ಗಾಳಿಯೂ ಸೋಕದ ನಮ್ಮ ಊರಿನ ಜನ ‘ಅವನ ಮೇಲೆ ಕೇಸ್ ಬಿತ್ತು’ ಅನ್ನುತ್ತಾರೆ. ಇಂಗ್ಲಿಷರು ಕೂಡ ಕೇಸನ್ನು ಹಾಗೆ ಬೀಳಿಸುವುದಿಲ್ಲ. ಹಬ್ಬ ಸೋಮವಾರ ಬೀಳುತ್ತದೆ, ಖರ್ಚು ಬೀಳುತ್ತದೆ, ಕೇಸೂ ಬೀಳುತ್ತದೆ. ನಮ್ಮ ಮಾತು ತನಗೆ ಗೊತ್ತಿಲ್ಲದೆಯೇ ಆ ಪದದ ಬೇರನ್ನು ಮುಟ್ಟಿಬಿಟ್ಟಿದೆ.

ಹಾಗಾಗಿ ಕೇಸ್ ಕಂಡ ತಕ್ಷಣ ಆ ಜಾಗದಲ್ಲಿ ಒಮ್ಮೆ ‘ಪೆಟ್ಟಿಗೆ’ ಅಥವಾ ‘ಹೊದಿಕೆ’ ಇಟ್ಟು ಓದಿ. ಕೂತರೆ ಅಲ್ಲಿಗೆ ಮುಗಿಯಿತು. ಕೂರದಿದ್ದರೆ ಮುಂದಕ್ಕೆ ಹೋಗಬೇಕು.

ಪೆಟ್ಟಿಗೆಯ ಕೇಸು

ಇದು ಸುಲಭ. ಸೂಟ್‌ಕೇಸ್, ಬ್ರೀಫ್‌ಕೇಸ್, ಶೋಕೇಸ್, ಬುಕ್‌ಕೇಸ್, ಕನ್ನಡಕದ ಕೇಸು. ಮೆಟ್ಟಿಲಿಗೆ ಸ್ಟೇರ್‌ಕೇಸ್ ಎನ್ನುವುದೂ ಇದೇ ಮನೆಯದು, ಮೆಟ್ಟಿಲನ್ನು ಸುತ್ತುವರಿದ ಚೌಕಟ್ಟು ಎಂಬ ಅರ್ಥದಿಂದ. ಕೂಲ್‌ಡ್ರಿಂಕ್ಸ್ ಏಜೆನ್ಸಿಯಲ್ಲಿ ‘ಎರಡು ಕೇಸ್ ಇಳಿಸ್ರಿ’ ಅಂದರೆ ಎರಡು ಪೆಟ್ಟಿಗೆ ಬಾಟಲಿ. ನಾವು ಪಿಲ್ಲೋ ಕವರ್, ಮೊಬೈಲ್ ಕವರ್ ಅನ್ನುವುದಕ್ಕೆ ಇಂಗ್ಲಿಷರು ಕೇಸ್ ಅನ್ನುತ್ತಾರೆ. ಕವರ್ ಅಂದರೂ ತಪ್ಪೇನಿಲ್ಲ, ಆದರೆ ಪ್ರಶ್ನೆಪತ್ರಿಕೆಯಲ್ಲಿ ಕೇಸ್ ಎಂದು ಬಂದರೆ ಗಾಬರಿ ಬೀಳಬೇಡಿ.

ಇದರಲ್ಲಿ ಒಂದು ಮಾತ್ರ ನಿಂತು ನೋಡುವಂಥದ್ದು: ಅಪ್ಪರ್ ಕೇಸ್, ಲೋವರ್ ಕೇಸ್. ನಮ್ಮ ಚಿಗಪ್ಪ ಮಂಡಿಪೇಟೆ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ದಲಾಲಿ ಅಂಗಡಿಗಳ ಬಿಲ್ ಪುಸ್ತಕ, ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಇಳಿಜಾರಾದ ಚೌಕಟ್ಟಿನ ಮೇಲೆ ಖಾನೆ ಖಾನೆಯಾಗಿದ್ದ ಎರಡು ಮರದ ಹಲಗೆಪೆಟ್ಟಿಗೆ. ಮೇಲಿನದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರದ ಮೊಳೆ, ಕೈಗೆ ಹತ್ತಿರವಿದ್ದ ಕೆಳಗಿನದರಲ್ಲಿ ಸಣ್ಣ ಅಕ್ಷರದವು. ಆ ಪೆಟ್ಟಿಗೆಗಳಿಗೇ ಕೇಸ್ ಎಂದು ಹೆಸರು. ಮೇಲಿನ ಪೆಟ್ಟಿಗೆಯ ಅಕ್ಷರ ಅಪ್ಪರ್ ಕೇಸ್, ಕೆಳಗಿನದು ಲೋವರ್ ಕೇಸ್. ಪೆಟ್ಟಿಗೆಗಳು ಗುಜರಿಗೆ ಹೋದವು, ಹೆಸರು ಕಂಪ್ಯೂಟರಿನೊಳಗೆ ಉಳಿಯಿತು. ಕನ್ನಡದ ಮೊಳೆಗೆ ಖಾನೆಗಳು ಇನ್ನೂ ಬಹಳ ಬೇಕಿದ್ದವು. ಗುಣಿತ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಜಾಗ. ಚಿಗಪ್ಪ ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಒತ್ತಕ್ಷರ ಸರಿಯಾಗಿ ಬರುತ್ತಿತ್ತು ಅಂತ ಮನೆಯಲ್ಲಿ ಒಂದು ಕಥೆ. ನಾನು ನೋಡಿದ ಹಾಗೆ ಅವರು ಯಾವತ್ತೂ ಕಣ್ಣು ಮುಚ್ಚಿರಲಿಲ್ಲ.

ಇವತ್ತಿಗೆ ಇದರ ಉಪಯೋಗ ಇಷ್ಟು. ಆನ್‌ಲೈನ್ ಅರ್ಜಿಯಲ್ಲಿ ಪಾಸ್‌ವರ್ಡಿಗೆ ‘ಒಂದು ಅಪ್ಪರ್ ಕೇಸ್ ಅಕ್ಷರ ಇರಬೇಕು’ ಎಂದು ಕೇಳಿದರೆ ದೊಡ್ಡಕ್ಷರ ಎಂದು ಅರ್ಥ. ‘ಕೇಸ್ ಸೆನ್ಸಿಟಿವ್’ ಅಂದರೆ ದೊಡ್ಡದು ಸಣ್ಣದು ಅದಲು ಬದಲಾದರೆ ಬಾಗಿಲು ತೆರೆಯುವುದಿಲ್ಲ ಎಂದು. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಬಂದ ಮಗುವೊಂದು ‘ಸಾರ್, ಪಾಸ್‌ವರ್ಡ್ ಮೇಲೂ ಕೇಸ್ ಐತಂತೆ’ ಎಂದು ಕಣ್ಣರಳಿಸಿ ಹೇಳಿತ್ತು.

ಕೋರ್ಟಿನ ಕೇಸು: ಹಿಂದಿನ ಕ್ರಿಯಾಪದ ನೋಡಿ

ಪೆಟ್ಟಿಗೆ ಕೂರಲಿಲ್ಲ ಅಂದರೆ ಕೇಸಿನ ಪಕ್ಕದ ಕ್ರಿಯಾಪದಕ್ಕೆ ಬೆರಳಿಡಿ. ಫೈಲ್, ರಿಜಿಸ್ಟರ್, ವಿನ್, ಲೂಸ್, ಡಿಸ್‌ಮಿಸ್, ಹಿಯರ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಮೊಕದ್ದಮೆ. ದಾವೆ, ವ್ಯಾಜ್ಯ, ಪ್ರಕರಣ, ನಮ್ಮಲ್ಲಿ ಹೆಸರಿಗೆ ಬರವಿಲ್ಲ.

ಕನ್ನಡದಲ್ಲಿ ನಾವು ಎಲ್ಲಕ್ಕೂ ‘ಕೇಸ್ ಹಾಕಿದೆ’ ಅನ್ನುತ್ತೇವೆ. ಠಾಣೆಗೆ ದೂರು ಬರೆದುಕೊಟ್ಟರೂ ಕೇಸ್ ಹಾಕಿದ್ದೇ, ಕೋರ್ಟಿನಲ್ಲಿ ದಾವೆ ಹೂಡಿದರೂ ಕೇಸ್ ಹಾಕಿದ್ದೇ. ಇಂಗ್ಲಿಷಿನಲ್ಲಿ ಬರೆಯುವಾಗ ಮೂರನ್ನು ಬೇರೆ ಮಾಡಿ. ದೂರು ಕೊಡುವುದು ನೀವು, ಅದು ಕಂಪ್ಲೇಂಟ್. ಅದನ್ನು ದಾಖಲಿಸಿಕೊಂಡು ಎಫ್‌ಐಆರ್ ಮಾಡುವುದು ಪೊಲೀಸರು, ಅವರು ಕೇಸ್ ‘ರಿಜಿಸ್ಟರ್’ ಮಾಡುತ್ತಾರೆ. ಜಮೀನು, ಪಾಲು, ಬಾಡಿಗೆ ತಂಟೆಗೆ ವಕೀಲರ ಮೂಲಕ ನ್ಯಾಯಾಲಯದಲ್ಲಿ ಕೇಸ್ ‘ಫೈಲ್’ ಮಾಡುವುದು ಮತ್ತೆ ನೀವು. ‘ನಾನು ಠಾಣೆಯಲ್ಲಿ ಕೇಸ್ ರಿಜಿಸ್ಟರ್ ಮಾಡಿದೆ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಓದಿದವರು ನಿಮ್ಮನ್ನೇ ಸಬ್‌ಇನ್‌ಸ್ಪೆಕ್ಟರ್ ಅಂದುಕೊಳ್ಳುತ್ತಾರೆ.

ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧಕ್ಕೆ ಎಫ್‌ಐಆರ್ ಆಗುವುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ. ಮುಂಚೆ ಅದು ದಂಡ ಪ್ರಕ್ರಿಯಾ ಸಂಹಿತೆಯ 154. ಹಳೆಯ ಗೈಡು ಓದುವ ಪರೀಕ್ಷಾರ್ಥಿಗಳು ಈ ನಂಬರ್ ತಿದ್ದಿಕೊಳ್ಳಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು, ಅದು ಆಗಲೂ ಇತ್ತು, ಈಗಲೂ ಇದೆ.

ಈಗ ಎಲ್ಲರ ಮೊಬೈಲಿನಲ್ಲೂ ಇ-ಕೋರ್ಟ್ಸ್ ಆ್ಯಪ್ ಇದೆ. ಪ್ರತಿ ಕೇಸಿಗೂ ಅಕ್ಷರ ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್ ಒಂದಿರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು ಬರುತ್ತದೆ. ಜಗಳೂರಿನ ಹುಡುಗನ ಅಪ್ಪ ಒಂದು ದಿನ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೇ ಬಂದಿದ್ದರು. ಅವರ ಇನ್ನೊಂದು ಸಣ್ಣ ಕೇಸಿನ ಎದುರು ‘ಡಿಸ್ಪೋಸ್ಡ್’ ಎಂದು ಬಂದಿತ್ತು. ‘ಮೇಷ್ಟ್ರೇ, ಬಿಸಾಕಿಬಿಟ್ಟಾರಾ?’ ಅಂದರು. ಬಿಸಾಕಿಲ್ಲ, ಇತ್ಯರ್ಥ ಆಗಿದೆ, ಯಾರ ಕಡೆ ಆಗಿದೆ ಅನ್ನುವುದು ಆದೇಶ ಓದಿದರೆ ತಿಳಿಯುತ್ತದೆ ಎಂದೆ. ‘ಡಿಸ್‌ಮಿಸ್ಡ್’ ಇದ್ದರೆ ವಜಾ. ‘ಪೆಂಡಿಂಗ್’ ಅಂದರೆ ಬಾಕಿ. ‘ಓ.ಎಸ್.’ ಎಂದಿದ್ದರೆ ಒರಿಜಿನಲ್ ಸೂಟ್, ನಮ್ಮ ಅಸಲು ದಾವೆ, ಅಂದರೆ ಸಿವಿಲ್. ಈ ನಾಲ್ಕು ಪದ ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ.

‘ಮೇಕ್ ಎ ಕೇಸ್’ ಎಂಬುದೊಂದಿದೆ, ಅದಕ್ಕೆ ಕೋರ್ಟೇ ಬೇಕಿಲ್ಲ. ಕಾರಣ ಕೊಟ್ಟು ವಾದ ಮಂಡಿಸುವುದು ಎಂದರ್ಥ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗಬೇಕು ಎಂದು ವಾದ ಮಾಡಿದವರು ಅದಕ್ಕೊಂದು ‘ಕೇಸ್’ ಮಾಡಿದರು ಅನ್ನಬಹುದು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾದದ್ದು ಯಾವ ನ್ಯಾಯಾಧೀಶರ ತೀರ್ಪಿನಿಂದಲೂ ಅಲ್ಲ.

ಆಸ್ಪತ್ರೆಯ ಕೇಸು

ಕೇಸ್ ಶೀಟ್, ಸೀರಿಯಸ್ ಕೇಸ್, ಡೆಲಿವರಿ ಕೇಸ್. ಇಲ್ಲಿ ಕೇಸ್ ಅಂದರೆ ಒಬ್ಬರಿಗೆ ಒದಗಿದ ಕಾಯಿಲೆ, ಆ ಕಾಯಿಲೆಯ ಒಂದು ಲೆಕ್ಕ. 2020ರಲ್ಲಿ ದಿನಾ ಸಂಜೆ ‘ಇವತ್ತೆಷ್ಟು ಕೇಸು?’ ಎಂದು ಕೇಳುತ್ತಿದ್ದೆವಲ್ಲ, ಅದೇ. ಇಂಗ್ಲಿಷಿನಲ್ಲಿ ‘ಡೆಂಗಿಯ ಒಂದು ಕೇಸ್’ ಎನ್ನುವುದು ಸರಿ, ಎದುರಿಗಿರುವ ಮನುಷ್ಯರನ್ನೇ ‘ಹಾರ್ಟ್ ಕೇಸ್’ ಎಂದು ಕರೆಯುವುದು ಒರಟು. ಬರವಣಿಗೆಯಲ್ಲಿ ಪೇಷೆಂಟ್ ಎನ್ನಿ.

ತಿಳಿದಿರಲೇಬೇಕಾದದ್ದು ಎಂಎಲ್‌ಸಿ. ವಿಧಾನ ಪರಿಷತ್ತಿನದಲ್ಲ. ಮೆಡಿಕೋ ಲೀಗಲ್ ಕೇಸ್. ಅಪಘಾತ, ವಿಷ, ಸುಟ್ಟಗಾಯ, ಹೊಡೆದಾಟ ಇಂಥವು ಬಂದಾಗ ಆಸ್ಪತ್ರೆಯವರು ಗಾಯದ ವಿವರ ಬರೆದಿಟ್ಟು ಪೊಲೀಸರಿಗೆ ತಿಳಿಸಬೇಕು. ಅಷ್ಟೇ ಅದರ ಅರ್ಥ. ಯಾರ ಮೇಲೂ ಮೊಕದ್ದಮೆ ಹೂಡಿದ ಹಾಗಲ್ಲ. ನಮ್ಮ ಚಿಗಪ್ಪ ವಯಸ್ಸಾದ ಮೇಲೆ ಒಂದು ಸಲ ಹೆದ್ದಾರಿ ಪಕ್ಕ ಸ್ಕೂಟರಿನಿಂದ ಬಿದ್ದರು. ಯಾರೋ ಪುಣ್ಯಾತ್ಮ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದ. ನರ್ಸಮ್ಮ ‘ಎಂಎಲ್‌ಸಿ ಕೇಸ್ ಮಾಡಬೇಕು, ಇರಿ’ ಎಂದದ್ದೇ ತಡ, ಆತ ಚಿಗಪ್ಪನ ಚಪ್ಪಲಿಯನ್ನು ಬೆಂಚಿನ ಕೆಳಗಿಟ್ಟು ಹೋದವನು ಮತ್ತೆ ಕಾಣಲಿಲ್ಲ. ನಾವು ಅವನಿಗೊಂದು ಲೋಟ ಚಹಾ ಕೂಡ ಕುಡಿಸಲಾಗಲಿಲ್ಲ. ಕೇಸ್ ಎಂಬ ಒಂದು ಪದದ ಒಂದೇ ಅರ್ಥ ಗೊತ್ತಿದ್ದುದರಿಂದ ಓಡಿದ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ, ಹೆಸರು ವಿಳಾಸ ಹೇಳಲೇಬೇಕೆಂದು ಅವರನ್ನು ಬಲವಂತ ಮಾಡುವ ಹಾಗಿಲ್ಲ.

‘ಇನ್ ಕೇಸ್’: ಮಳೆ ಬಂದರೆ ಅಲ್ಲ, ಮಳೆ ಬಂದೀತೆಂದು

ತರಗತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ‘ಇನ್ ಕೇಸ್ ಬಸ್ ತಪ್ಪಿದರೆ ಫೋನ್ ಮಾಡು’ ಎಂದು ನಾವೆಲ್ಲ ಕನ್ನಡದಲ್ಲೇ ಹೇಳುತ್ತೇವೆ. ನಮ್ಮ ಬಾಯಲ್ಲಿ ಇನ್ ಕೇಸ್ ಅಂದರೆ ‘ಒಂದು ವೇಳೆ’. ಆ ಅಭ್ಯಾಸವನ್ನೇ ಇಂಗ್ಲಿಷ್ ಪರೀಕ್ಷೆಗೂ ಒಯ್ದರೆ ಅಂಕ ಹೋಗುತ್ತದೆ.

ಇಂಗ್ಲಿಷಿನ ‘ಇನ್ ಕೇಸ್’ಗೂ ‘ಇಫ್’ಗೂ ವ್ಯತ್ಯಾಸವಿದೆ. ಇಫ್ ಎಂದರೆ ಮಳೆ ಬಂದ ಮೇಲೆ ಛತ್ರಿ. ಇನ್ ಕೇಸ್ ಎಂದರೆ ಮಳೆ ಬರಲಿ ಬಿಡಲಿ, ಮುಂಜಾಗ್ರತೆಗೆ ಈಗಲೇ ಛತ್ರಿ. ಇದನ್ನು ಹೇಗೆ ವಿವರಿಸುವುದು ಎಂದು ಬಹಳ ವರ್ಷ ಒದ್ದಾಡಿದೆ. ಕೊನೆಗೆ ಉತ್ತರ ಸಿಕ್ಕಿದ್ದು ನಮ್ಮ ಅವ್ವನ ಮಾತಿನಲ್ಲಿ. ‘ಮಳಿ ಬಂದೀತು, ಛತ್ರಿ ತಗೊಂಡು ಹೋಗೋ’ ಅನ್ನುತ್ತಿದ್ದಳು. ಬಂದೀತು! ಕನ್ನಡ ವ್ಯಾಕರಣದ ಸಂಭಾವನಾರ್ಥಕ ರೂಪ. ಬಂದಾನು, ಬಿದ್ದೀತು, ಕೇಳಿಯಾರು. ಇದಕ್ಕೆ ‘ಎಂದು’ ಸೇರಿಸಿದರೆ ಇನ್ ಕೇಸ್ ಅಚ್ಚೊತ್ತಿದ ಹಾಗೆ ಬರುತ್ತದೆ. ಮಳೆ ಬಂದೀತೆಂದು ಛತ್ರಿ ತಗೊಂಡೆ. ದಾರಿಯಲ್ಲಿ ಹಸಿವಾದೀತೆಂದು ಮಂಡಕ್ಕಿ ಕಟ್ಟಿಕೊಂಡೆ. ಅಧಿಕಾರಿ ಕೇಳಿಯಾರೆಂದು ಆಧಾರ್ ಜೆರಾಕ್ಸ್ ಇಟ್ಟುಕೊಂಡೆ.

ಹಾಗಾಗಿ ಪರೀಕ್ಷೆ ಹೀಗೆ ಮಾಡಿ: ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಬಂದರೆ’ ಸರಿಹೋದರೆ ಇಫ್. ‘ಬಂದೀತೆಂದು’ ಸರಿಹೋದರೆ ಇನ್ ಕೇಸ್. ಅಮೆರಿಕದವರು ಕೆಲವೊಮ್ಮೆ ಇಫ್ ಅರ್ಥದಲ್ಲೂ ಬಳಸುತ್ತಾರೆ, ಆದರೆ ನಮ್ಮ ಪಠ್ಯಗಳು ಬ್ರಿಟಿಷ್ ದಾರಿಯವು. ಇನ್ನೊಂದು ಎಚ್ಚರ: ಇನ್ ಕೇಸ್ ಆದ ಮೇಲೆ ಮುಂದಿನ ಮಾತಾದರೂ ‘ವಿಲ್’ ಹಾಕಬೇಡಿ. ‘ಇನ್ ಕೇಸ್ ಇಟ್ ರೇನ್ಸ್’ ಸಾಕು.

‘ಆಫ್’ ಸೇರಿದರೆ ಆಟ ಬದಲಾಗುತ್ತದೆ. ‘ಇನ್ ಕೇಸ್ ಆಫ್ ಫೈರ್’ ಅಂದರೆ ಬೆಂಕಿ ಬಿದ್ದಲ್ಲಿ, ಇದು ಇಫ್ ಅರ್ಥವೇ. ಒಂದು ಕಟ್ಟಡದ ಲಿಫ್ಟಿನ ಪಕ್ಕ ‘ಬೆಂಕಿಯ ಪ್ರಕರಣದಲ್ಲಿ ಮೆಟ್ಟಿಲು ಬಳಸಿ’ ಎಂದು ಬರೆದದ್ದು ನೋಡಿದ್ದೇನೆ. ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸುಟ್ಟು ಬೂದಿ. ನಡುವೆ ‘ದ’ ಬಂದು ‘ಇನ್ ದ ಕೇಸ್ ಆಫ್ ಮೆಕ್ಕೆಜೋಳ’ ಎಂದಾದರೆ ‘ಮೆಕ್ಕೆಜೋಳದ ವಿಷಯದಲ್ಲಿ’ ಎಂದರ್ಥ. ಒಂದು ಸಣ್ಣ ‘ದ’ಕ್ಕೆ ಅಷ್ಟು ಬೆಲೆ.

ಉಳಿದವು ಬೇಗ ಹೇಳುತ್ತೇನೆ. ‘ಇನ್ ದಟ್ ಕೇಸ್’, ಹಾಗಾದರೆ. ‘ಇನ್ ಎನಿ ಕೇಸ್’, ಏನೇ ಆಗಲಿ, ನಮ್ಮ ಕಡೆಯ ‘ಹೆಂಗಿದ್ರೂ’. ‘ದಟ್ ಈಸ್ ನಾಟ್ ದ ಕೇಸ್’, ಹಾಗಲ್ಲ. ಇದನ್ನು ‘ಅದು ಪ್ರಕರಣವಲ್ಲ’ ಎಂದು ಮೊಬೈಲು ಅನುವಾದ ಮಾಡಿಕೊಟ್ಟರೆ ಮೊಬೈಲನ್ನು ಅದರ ಕೇಸಿನೊಳಗೆ ಇಟ್ಟುಬಿಡಿ. ‘ಜಸ್ಟ್ ಇನ್ ಕೇಸ್’ ಎಂದು ವಾಕ್ಯದ ಕೊನೆಗೆ ಒಂಟಿಯಾಗಿ ಬಂದರೆ ‘ಎದಕ್ಕೂ ಇರ್ಲಿ’.

ವ್ಯಾಕರಣದ ಕೇಸು

ಬಿ.ಎ. ಹುಡುಗರು ಮಾತ್ರ ಎದುರಿಸುವುದು ಅಂದುಕೊಂಡಿದ್ದೀರಾ? ಹೈಸ್ಕೂಲಿನಲ್ಲಿ ಪ್ರಥಮಾ, ದ್ವಿತೀಯಾ ಎಂದು ಉರು ಹೊಡೆದ ವಿಭಕ್ತಿಗೆ ಇಂಗ್ಲಿಷಿನ ಹೆಸರೇ ಕೇಸ್. ಇದೂ ‘ಬಿದ್ದ’ ಕೇಸೇ. ಗ್ರೀಕ್ ವೈಯಾಕರಣರು ನಾಮಪದ ತನ್ನ ನೆಟ್ಟಗಿನ ರೂಪದಿಂದ ಓರೆಯಾಗಿ ಬೀಳುತ್ತದೆ ಎಂದು ಕಲ್ಪಿಸಿಕೊಂಡರು. ಬೀಳುವಿಕೆ ಎಂಬ ಅವರ ಪದವನ್ನೇ ರೋಮನ್ನರು ತಮ್ಮ ಭಾಷೆಗೆ ‘ಕಾಸುಸ್’ ಎಂದು ಮಾಡಿಕೊಂಡರು.

ನಮ್ಮ ಲಿಪಿಗೆ ಕೇಸಿಲ್ಲ, ವ್ಯಾಕರಣಕ್ಕಿದೆ. ಇಂಗ್ಲಿಷಿಗೆ ಲಿಪಿಯಲ್ಲಿದೆ, ವ್ಯಾಕರಣದಲ್ಲಿ ಸವೆದು ಐ, ಮೀ, ಮೈ ಇಂಥ ಕೆಲವಷ್ಟೇ ಉಳಿದಿವೆ. ಸವೆದ ಜಾಗವನ್ನು ಟು, ಫ್ರಮ್, ಇನ್, ವಿತ್ ತುಂಬಿವೆ. ಗೋಳು ಶುರುವಾಗುವುದು ಇಲ್ಲೇ, ಯಾಕೆಂದರೆ ನಮ್ಮ ಒಂದು ‘ಇಂದ’ಕ್ಕೆ ಅವರಲ್ಲಿ ಹಲವು. ಹರಿಹರದಿಂದ ಬಂದರೆ ಫ್ರಮ್, ಪೆನ್ನಿನಿಂದ ಬರೆದರೆ ವಿತ್, ಭಯದಿಂದಾದರೆ ಔಟ್ ಆಫ್. ‘ಅಲ್ಲಿ’ಗೂ ಹಾಗೆ: ಚಿತ್ರದುರ್ಗದಲ್ಲಿ ಇನ್, ಗಡಿಯಾರ ಕಂಬದಲ್ಲಿ ಅಂದರೆ ಅಟ್, ಬಸ್ಸಿನಲ್ಲಿ ಕೂತರೆ ಆನ್, ಬಸ್ಸಿನಲ್ಲಿ ಬಂದರೆ ಬೈ. ಪ್ರತ್ಯಯಕ್ಕೊಂದು ಇಂಗ್ಲಿಷ್ ಪದ ಎಂದು ಗಂಟು ಹಾಕಬೇಡಿ. ಕ್ರಿಯಾಪದದ ಜೊತೆಗೇ ಕಲಿಯಿರಿ.

‘ನನಗೆ ಜ್ವರ ಬಂದಿದೆ’, ‘ನನಗೆ ಹಸಿವಾಗಿದೆ’. ಇಲ್ಲಿ ನಾವು ಚತುರ್ಥಿ ವಿಭಕ್ತಿ ಇಡುತ್ತೇವೆ. ಇಂಗ್ಲಿಷಿನಲ್ಲಿ ‘ನನಗೆ’ ಹೋಗಿ ‘ಐ’ ಬಂದು ಕೂರುತ್ತದೆ. ಹಳೆಯ ಇಂಗ್ಲಿಷರಿಗೂ ನಮ್ಮಂಥದೇ ಅಭ್ಯಾಸ ಇತ್ತು. ‘ಮೀಥಿಂಕ್ಸ್’ ಎಂಬ ಹಳೆಯ ಮಾತನ್ನು ಬಿಡಿಸಿದರೆ ‘ನನಗೆ ಅನ್ನಿಸುತ್ತದೆ’. ಅದನ್ನು ಹೇಳಿದ ದಿನ ತರಗತಿಯಲ್ಲಿ ಇಂಗ್ಲಿಷರ ಮೇಲೆ ಒಂದಿಷ್ಟು ಪ್ರೀತಿ ಹುಟ್ಟಿದ್ದು ಕಂಡೆ.

ನಮ್ಮದೇ ಕೇಸುಗಳು

ಇಷ್ಟರಲ್ಲೂ ಸಿಗದವು ನಾವು ಮಾಡಿಕೊಂಡವು. ‘ಅವನೊಂದು ಕೇಸು ಬಿಡ್ರಿ’ ಅಂದರೆ ವಿಚಿತ್ರ ಆಸಾಮಿ. ‘ಗಾನ್ ಕೇಸ್’ ಅಂದರೆ ಕೈಬಿಟ್ಟ ಬಾಬತ್ತು. ಇದು ಭಾರತದ ಇಂಗ್ಲಿಷ್, ಮಾತಿನಲ್ಲಿ ಚೆನ್ನ, ಉತ್ತರಪತ್ರಿಕೆಯಲ್ಲಿ ಬೇಡ.

ಅಭ್ಯಾಸಕ್ಕೆ ಒಂದು ವಾಕ್ಯ ಕೊಡುತ್ತೇನೆ. ಇಂಗ್ಲಿಷಿಗೆ ಮಾಡಿ, ಎಷ್ಟು ಕಡೆ ಕೇಸ್ ಬರಬಹುದು ಎಣಿಸಿ: ‘ವಕೀಲರು ದಾವೆ ಗೆದ್ದ ಮೇಲೆ ಮಳೆ ಬಂದೀತೆಂದು ಕಾಗದಗಳನ್ನು ಚರ್ಮದ ಕೈಪೆಟ್ಟಿಗೆಗೆ ಹಾಕಿ, ಕನ್ನಡಕವನ್ನು ಅದರ ಡಬ್ಬಿಯಲ್ಲಿಟ್ಟು, ಹಾಗಾದರೆ ಬರುತ್ತೇನೆ ಎಂದರು.’ ನನ್ನ ಲೆಕ್ಕಕ್ಕೆ ಐದು. ಜಗಳೂರಿನ ಹುಡುಗ ಆರು ಮಾಡಿದ್ದಾನೆ. ಕಾಗದಗಳನ್ನೂ ‘ಕೇಸ್ ಪೇಪರ್ಸ್’ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ‘ಎದಕ್ಕೂ ಇರ್ಲಿ’ ಅಂತ.